ಬಾಗಿಲ ಬಳಿಯ ಮೂಟೆ

ಮಾನ್ಯ ಪಶು ಆಹಾರ ಪರೀಕ್ಷಾಧಿಕಾರಿಗಳೇ,

ನಿಮ್ಮ ಕಚೇರಿ ಪಾಸು ಮಾಡಿದ ಮೆಕ್ಕೆಜೋಳ ತಿಂದು ನಮ್ಮ ಹಸು ಮಲಗಿಬಿಟ್ಟಿತ್ತು. ಈಗ ಎದ್ದು ನಿಂತಿದೆ, ಅದಕ್ಕೇ ನಗುತ್ತಾ ಬರೆಯುತ್ತಿದ್ದೇನೆ. ಇಲ್ಲವಾದರೆ ಈ ಪತ್ರದ ಧಾಟಿಯೇ ಬೇರೆ ಇರುತ್ತಿತ್ತು.

ಮನೆಯಲ್ಲಿ ನಾವು ಅವಳನ್ನು ಕರೆಯುವುದು ಮಹಾರಾಣಿ ಎಂದು. ತುಂಬಿದ ಗಬ್ಬ, ಮುಂದಿನ ತಿಂಗಳು ಕರು ಹಾಕಬೇಕು. ಹೊಸ ಮೂಟೆ ಬಿಚ್ಚಿದ ದಿನ ಮೂಸಿ ನೋಡಿ ಮುಖ ತಿರುಗಿಸಿದಳು. "ನೋಡೇ ಇವಳ ಗತ್ತು! ಸರ್ಕಾರದ ಮೊಹರು ಬಿದ್ದಿರೋ ಜೋಳ ಕಣೇ ಇದು" ಎಂದು ನಮ್ಮತ್ತೆ ಬೆಲ್ಲ ಕಲಸಿ, ಕತ್ತು ಸವರಿ, ತಿನ್ನಿಸಿಯೇ ಬಿಟ್ಟರು. ವಾರದೊಳಗೆ ಮಹಾರಾಣಿ ಮೇವು ಮುಟ್ಟುವುದನ್ನೇ ಬಿಟ್ಟು ಮಲಗಿಬಿಟ್ಟಳು. ಪಶುವೈದ್ಯರು ಬಂದು ಮೂಟೆಗೆ ಕೈ ಹಾಕಿದರೆ ಸಿಕ್ಕಿದ್ದು ಹಸಿರು ಬೂಷ್ಟು ಹಿಡಿದ ಕಾಳಿನ ಉಂಡೆ. "ಬೂಷ್ಟಿನ ವಿಷ ಲಿವರ್‌ಗೆ ಹೋಗತ್ತಮ್ಮ, ನಾಳೆ ಹಾಲಿಗೂ ಇಳಿಯತ್ತೆ. ಇನ್ನೊಂದ್ಸಲ ಹೀಗಾದ್ರೆ ಹಸುವೂ ಇಲ್ಲ, ಕರುವೂ ಇಲ್ಲ" ಎಂದರು.

ಹಾಗಾದರೆ ನಿಮ್ಮ ಪರೀಕ್ಷೆ? ಅದರ ದರ್ಶನಭಾಗ್ಯಕ್ಕೆಂದು ಅತ್ತೆ, ನಾನು ಜೋಳ ಕೊಂಡಿದ್ದ ಗೋದಾಮಿಗೆ ಹೋದೆವು. ಬಾಗಿಲ ಬಳಿ, ಫ್ಯಾನಿನ ಕೆಳಗೆ, ಕುರ್ಚಿಯ ಪಕ್ಕ ಒಂದು ಮೂಟೆ ಆರಾಮಾಗಿ ಕೂತಿತ್ತು. ಮೈತುಂಬಾ ತೂತು. ನಿಮ್ಮವರು ಪ್ರತಿಸಲ ಬಂದು ಮಾದರಿ ತೆಗೆಯುವ ಕೊಳವೆ ಚುಚ್ಚುವುದು ಅದೊಂದಕ್ಕೇ! ಒಳಗೆ ಸೋರುವ ಗೋಡೆಗೊರಗಿ, ಬರಿನೆಲದ ಮೇಲೆ ಪೇರಿಸಿದ್ದ ಮೂಟೆಗಳಲ್ಲಿ ಒಂದು ತೂತೂ ಇಲ್ಲ; ಮೊಹರು ಮಾತ್ರ ಎಲ್ಲಕ್ಕೂ ಇದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಆ ಅಗುಳನ್ನು ಅದೇ ಪಾತ್ರೆಯಿಂದ ತೆಗೆಯಬೇಡವೇ ಸ್ವಾಮಿ?

ಅತ್ತೆ ಸೀದಾ ಕೇಳಿಯೇಬಿಟ್ಟರು. "ಏನಪ್ಪಾ, ಆ ತೂತಿನ ಮೂಟೇನೇ ನಮಗೆ ಕೊಡು."

ಗೋದಾಮಿನವನು ಗಾಬರಿಯಾದ. "ಅಯ್ಯೋ, ಅದನ್ನ ಮಾರೋಕಾಗಲ್ಲಮ್ಮಾ! ಪರೀಕ್ಷೆಗೆ ಅಂತ ಇಟ್ಟಿರೋದು. ಅದು ಹೋದ್ರೆ ಸಾಹೇಬ್ರು ಏನ್ ನೋಡ್ತಾರೆ?"

ಅಲ್ಲಿಂದ ಮನೆ ಸೇರುವವರೆಗೂ ಅತ್ತೆ-ಸೊಸೆ ನಕ್ಕಿದ್ದೇ ನಕ್ಕಿದ್ದು. ಕೊಟ್ಟಿಗೆಯಲ್ಲಿ ಇನ್ನೂ ಮಲಗಿಯೇ ಇದ್ದ ಮಹಾರಾಣಿಯನ್ನು ಕಂಡಾಗ ಮಾತ್ರ ಇಬ್ಬರಿಗೂ ನಗು ನಿಂತಿತು.

ಮಹಾರಾಣಿ ಕರು ಹಾಕುವ ಹೊತ್ತಿಗೆ ಹೊಸ ಲೋಡು ಬರಲಿದೆಯಂತೆ. ದಯವಿಟ್ಟು ಈ ಸಲ ಫ್ಯಾನಿನ ಕೆಳಗಿಂದ ಏಳಿ. ಗೋಡೆ ಪಕ್ಕದ, ಅಡಿಸಾಲಿನ ಮೂಟೆಗಳಿಗೂ ಕೊಳವೆ ಚುಚ್ಚಿ. ಹಸಿ ಕಾಳನ್ನು ಒಣಗಿಸದೆ ಚೀಲಕ್ಕೆ ತುಂಬಲು ಬಿಡಬೇಡಿ, ಮೂಟೆಗಳ ಕೆಳಗೆ ಹಲಗೆ ಹಾಕಿಸಿ, ಬೂಷ್ಟು ಹಿಡಿದದ್ದನ್ನು ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿ. ಇಷ್ಟೂ ಕಷ್ಟವೆಂದರೆ ಹೇಳಿ, ಬಾಣಂತನ ಮುಗಿಸಿಕೊಂಡು ಮಹಾರಾಣಿಯೇ ಬರುತ್ತಾಳೆ. ಪ್ರತಿ ಮೂಟೆಯನ್ನೂ ಮೂಸಿ ನೋಡುತ್ತಾಳೆ, ಕುರ್ಚಿ ಕೇಳುವುದಿಲ್ಲ. ಅವಳಿಗೆ ಬೆಲ್ಲ ಮಾತ್ರ ತೋರಿಸಬೇಡಿ.

ಇಂತಿ,
ಹಸುವಿನ ಮೂಗಿಗಿಂತ ನಿಮ್ಮ ಮೊಹರನ್ನು ಹೆಚ್ಚು ನಂಬಿದ ಮನೆಯ ಸೊಸೆ