ಎಡಗಾಲಿನ ಪಕ್ಕದ ಸಂದು

ಸ್ಟೋನಿ ಫೋರ್ಡ್ ಕಾಲೊನಿ, ಮ್ಯಾನಿಟೋಬಾ
ಭಾನುವಾರ, 16 ಫೆಬ್ರವರಿ 1986

ಪ್ರೀತಿಯ ಅಣ್ಣ ಎಲಿಯಾಸನಿಗೆ,

ನಿನ್ನ ತಂಗಿ ಯುಸ್ತೀನಾಳ ನೆನಪುಗಳು. ನಾವು ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯೆಂದು ನಿನ್ನೆ ರೇಡಿಯೋದಲ್ಲಿ ಕೇಳಿದೆ.

ಹೌದು, ರೇಡಿಯೋದಲ್ಲಿ. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು. ಪಾದ್ರಿಗಳು ರೇಡಿಯೋ ಕೂಡದೆಂದು ಕಾಲೊನಿಯ ಲಾರಿಗಳಿಂದ ಕೀಳಿಸಿದ ಜಾಗ ಇನ್ನೂ ಬರೀ ತೂತಾಗಿಯೇ ಇದೆ. ಇದು ಹೊರಗಿನಿಂದ ಮೇವು ತರುವ ಪಸಿಚ್ನಿಕ್‌ನ ಲಾರಿಯದು. ನಿನ್ನೆ ಮಧ್ಯಾಹ್ನ ಹೆಬ್ಬಾತುಗಳ ಕೊಟ್ಟಿಗೆಯ ಮುಂದೆ ನಿಲ್ಲಿಸಿ, ಬಾಗಿಲು ತೆರೆದಿಟ್ಟು ಮೂಟೆ ಇಳಿಸುತ್ತಿದ್ದ. ಅಮ್ಮ ಮೊಟ್ಟೆಯ ಬುಟ್ಟಿ ಹಿಡಿದು ಹೊರಗೆ ಬಂದಳು.

"ಐಸ್ ಹಾಕಿ ಪಂದ್ಯ. ಗೋಲಲ್ಲಿ ನಿಂತಿರೋದು ನಿಮ್ಮ ಹುಡುಗನೇ ಕಣಮ್ಮ. ಕೇಳಬಾರದು ಅಂತಿದ್ರೆ ಕಿವಿ ಮುಚ್ಕೊಳ್ಳಿ. ನಾನಂತೂ ಆರಿಸಲ್ಲ" ಎಂದ.

ಅಮ್ಮ ನನ್ನ ಕಡೆ ತಿರುಗಿ, "ಇವನು ಮೂಟೆ ಸರಿಯಾಗಿ ಜೋಡಿಸ್ತಾನೋ ಇಲ್ವೋ ನೋಡ್ಬೇಕು" ಎಂದು ಅಲ್ಲೇ ನಿಂತಳು. ಎಷ್ಟು ಚಳಿಯಿತ್ತೆಂದರೆ ಬುಟ್ಟಿಯಲ್ಲಿದ್ದ ಎರಡು ಮೊಟ್ಟೆ ಬಿರಿದವು. ಅವಳು ನೋಡಲಿಲ್ಲ.

ನಿನ್ನ ಕ್ರಿಸ್ಮಸ್ ಕಾಗದ ಅವಳ ಹಾಡಿನ ಪುಸ್ತಕದಲ್ಲಿದೆ. "ನನಗೊಂದು ಪಂದ್ಯ ಸಿಗುತ್ತದೆ. ಚೆನ್ನಾಗಿ ಆಡಿದರೆ ದೊಡ್ಡ ಊರಿನ ತಂಡ ಮೂರು ವರ್ಷಕ್ಕೆ ಕರೆದುಕೊಂಡು ಹೋಗುತ್ತದೆ. ಇಲ್ಲದಿದ್ದರೆ ಮರಿಗಳು ಮೊಟ್ಟೆಯೊಡೆಯುವ ಮೊದಲು ಮನೆಗೆ ಬರುತ್ತೇನೆ" ಎಂದು ಬರೆದಿದ್ದೆಯಲ್ಲ, ಅವಳು ಅದರ ಕೊನೆಯ ಸಾಲನ್ನು ಮಾತ್ರ ಓದುತ್ತಾಳೆ. ನಿನಗೆಂದು ಕರಿ ಕೋಟಿಗೆ ಬಟ್ಟೆ ಕತ್ತರಿಸಿದ್ದಾಳೆ. ಬಂದರೆ, ಕಾಲೊನಿ ಬಿಟ್ಟು ಹೋದದ್ದಕ್ಕೆ ಎರಡು ವಾರ ಬೇರೆ ಕೂತು ಉಣ್ಣಬೇಕು, ಪ್ರಾರ್ಥನೆಯಲ್ಲಿ ಮಂಡಿಯೂರಿ ಕ್ಷಮೆ ಕೇಳಬೇಕು, ಆಮೇಲೆ ಎಲ್ಲವೂ ಮೊದಲಿನಂತೆ ಎಂದು ಪಾದ್ರಿ ಯೋಸೆಫ್ ದೊಡ್ಡಪ್ಪ ಹೇಳಿದ್ದಾರೆ. ಅಪ್ಪ ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಊಟದ ಮನೆಯ ಗಂಡಸರ ಬೆಂಚಿನಲ್ಲಿ ನಿನ್ನ ಜಾಗ ತುಂಬದಂತೆ ಸ್ವಲ್ಪ ಅಗಲವಾಗಿ ಕೂರುತ್ತಾನೆ.

ರೇಡಿಯೋದವನು ನಿನ್ನನ್ನು "ಕಾಲೊನಿಯ ಹುಡುಗ" ಎನ್ನುತ್ತಿದ್ದ. ಯಾವಾಗಲೂ ಆಡುವವನಿಗೆ ಬೆರಳು ಮುರಿದಿದೆ, ಈ ಹದಿನೆಂಟರ ಹುಡುಗ ಹೋದ ವರ್ಷದವರೆಗೆ ಹಂದಿ ಕೊಟ್ಟಿಗೆಯ ಹಿಂದಿನ ಕೆರೆಯಲ್ಲಿ ಆಡಿದವನು ಎಂದ. ಹೆಪ್ಪುಗಟ್ಟಿದ ಸಗಣಿಯನ್ನೇ ಬಿಲ್ಲೆ ಮಾಡಿಕೊಂಡು ಆಡಿದ್ದು ಅವನಿಗೆ ಗೊತ್ತಿಲ್ಲ. ನಿನ್ನ ಗೋಲಿಗೆ ಹೊಡೆಯುತ್ತಿದ್ದವಳು ನಾನು ಎಂಬುದೂ ಗೊತ್ತಿಲ್ಲ.

ಅಮ್ಮನಿಗೆ ಅವನ ಇಂಗ್ಲಿಷಿನ ವೇಗ ಸಿಗಲಿಲ್ಲ. ನಾನು ನಮ್ಮ ಮಾತಿನಲ್ಲಿ ಹೇಳುತ್ತಾ ಹೋದೆ.

"ಏನಂತೆ?"

"ಹೊಡೆದರು. ಅಣ್ಣ ತಡೆದ."

"ಮತ್ತೆ?"

"ಮತ್ತೆ ಹೊಡೆದರು. ಮತ್ತೆ ತಡೆದ."

"ಎಲ್ಲರೂ ಇವನಿಗೇ ಯಾಕೆ ಹೊಡೀತಾರೆ? ಅಲ್ಲಿ ಬೇರೆ ಯಾರೂ ಇಲ್ವಾ?"

ಪಸಿಚ್ನಿಕ್‌ಗೆ ನಮ್ಮ ಮಾತು ಅಲ್ಪಸ್ವಲ್ಪ ಗೊತ್ತು. ಮೂಟೆಯ ಮೇಲೆ ಕೂತು ನಕ್ಕುಬಿಟ್ಟ. "ಐದು ಜನ ಇದ್ದಾರಮ್ಮ ಅವನ ಮುಂದೆ. ಎಲ್ಲ ದಂಡ."

"ಹಾಗಾದ್ರೆ ಅವರು ಮನೆಗೆ ಹೋಗಲಿ" ಎಂದಳು ಅಮ್ಮ.

ಪಂದ್ಯದ ಮೂರನೇ, ಕೊನೆಯ ಭಾಗಕ್ಕೆ ನಿಮ್ಮದು ಎರಡು ಗೋಲು, ಅವರದು ಒಂದು. ಆಮೇಲೆ ಅವರು ಒಂದೇ ಜಾಗಕ್ಕೆ ಹೊಡೆಯತೊಡಗಿದರು. ನೆಲಕ್ಕೆ ಹತ್ತಿದಂತೆ, ನಿನ್ನ ಎಡಗಾಲಿನ ಪಕ್ಕಕ್ಕೆ. ರೇಡಿಯೋದವನು ಎಣಿಸಿದ, ಹನ್ನೊಂದು ಸಲ. "ಯಾರೋ ಇವರಿಗೆ ಗುಟ್ಟು ಹೇಳಿಕೊಟ್ಟ ಹಾಗಿದೆ" ಎಂದ. ಪಸಿಚ್ನಿಕ್ ಎದ್ದು ಕಟ್ಟಿದ್ದ ಮೂಟೆಯ ಬಾಯನ್ನೇ ಮತ್ತೆ ಕಟ್ಟಿದ. ಆ ಜಾಗ ನಿನಗೂ ಗೊತ್ತು, ನನಗೂ ಗೊತ್ತು.

ಕೊನೆಯ ನಿಮಿಷದಲ್ಲಿ ನಿನ್ನ ಕೋಲು ಕೈಯಿಂದ ಜಾರಿತಂತೆ. ನೀನು ಮಂಜುಗಡ್ಡೆಯ ಮೇಲೆ ಬಿದ್ದಿದ್ದೀಯ, ಬಿಲ್ಲೆ ಅವರ ಕಾಲಬಳಿ ಇದೆ ಎಂದ. ಅಮ್ಮ ನನ್ನ ತೋಳು ಹಿಡಿದಳು. ನಾನು ಕಣ್ಣು ಮುಚ್ಚಿದೆ. ದೇವರಲ್ಲಿ ಏನು ಕೇಳಿಕೊಂಡೆ ಎಂದು ಇಲ್ಲಿ ಬರೆಯಲಾರೆ. "ಎಡಗಾಲು! ಮತ್ತೆ ಅದೇ ಎಡಗಾಲು!" ಎಂದು ರೇಡಿಯೋದವನು ಕೂಗಿದ. ಜನರ ಗದ್ದಲದಲ್ಲಿ ಮುಂದಿನದು ಕೇಳಿಸಲಿಲ್ಲ. ಗದ್ದಲ ಇಳಿದಾಗ, ಎಡಗಾಲೇ ತಡೆಯಿತು, ಎರಡಕ್ಕೆ ಒಂದರಲ್ಲೇ ಪಂದ್ಯ ಮುಗಿಯಿತು ಎಂದ.

"ಏನಾಯ್ತೇ?" ಎಂದಳು ಅಮ್ಮ.

"ಗೆದ್ದ."

"ಗೆದ್ದರೆ ಬರ್ತಾನಾ, ಸೋತರೆ ಬರ್ತಾನಾ? ಯಾವುದು ಅಂದಿದ್ದ ಅವನು?" ಎಂದು ಕೇಳಿದಳು. ಹಾಡಿನ ಪುಸ್ತಕದಲ್ಲಿರುವ ಕಾಗದ ಅವಳಿಗೆ ಬಾಯಿಪಾಠ ಇದೆ ಅಣ್ಣ. ಆದರೂ ಕೇಳಿದಳು. ಮೊಟ್ಟೆಗಳನ್ನು ಒಳಗಿಡಬೇಕು ಎಂದೆ.

ಸಂಜೆ ಅವಳು ಕೋಟಿನ ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ತಾನೇ ಹೊರಗೆ ತೆಗೆದಳು. "ತೋಳಿನ ಅಳತೆ ಬರೆದು ಕಳಿಸೋಕೆ ಹೇಳು. ಅಲ್ಲೂ ಚಳಿ ಇರುತ್ತಲ್ಲ" ಎಂದಳು. ಅದಕ್ಕೇ ಈ ಕಾಗದ. ಭುಜದಿಂದ ಮಣಿಕಟ್ಟಿನವರೆಗೆ ಅಳೆದು ಬರೆ. ಹೋಗುವ ಮೊದಲೇ ಬರೆ.

ನಿನ್ನ ತಂಗಿ,
ಯುಸ್ತೀನಾ

ಮತ್ತೊಂದು ಮಾತು: ಪಸಿಚ್ನಿಕ್‌ನ ಅಕ್ಕನ ಮಗ ಎದುರು ತಂಡದಲ್ಲಿದ್ದಾನೆ. ಹೋದ ವಾರ ಮೇವು ತಂದಾಗ ಪಸಿಚ್ನಿಕ್, "ನಿಮ್ಮಣ್ಣನ್ನ ದಾಟಿಸೋಕೆ ಜಾಗ ಎಲ್ಲಿದೆ ಹುಡುಗಿ?" ಎಂದು ತಮಾಷೆಗೆ ಕೇಳಿದ. ಹೊರಗಿನವರ ಮುಂದೆ ನನಗೆ ಬಾಯೇ ಬರುವುದಿಲ್ಲ, ನಿನಗೆ ಗೊತ್ತು. ಅಂದು ಬಂತು. ಹುಲ್ಲಟ್ಟದಿಂದ ಬಿದ್ದ ಮೇಲೆ ನಿನ್ನ ಎಡಗಾಲು ಪಕ್ಕದ ಸಂದನ್ನು ತಡವಾಗಿ ಮುಚ್ಚುತ್ತದೆ, ನೆಲಕ್ಕೆ ಹತ್ತಿ ಹೊಡೆದರೆ ಹೋಗುತ್ತದೆ ಎಂದು ಹೇಳಿಕೊಟ್ಟೆ. ಐದು ಚಳಿಗಾಲ ನಾನು ಅಲ್ಲಿಗೇ ಹೊಡೆದು ಗೆಲ್ಲುತ್ತಿದ್ದೆ. ಒಂದೇ ಒಂದು ಒಳಗೆ ಹೋಗಲಿ, ನೀನು ಮನೆಗೆ ಬಾ ಎಂದುಕೊಂಡೆ. ಆ ಕಾಲು ಯಾವಾಗ ಸರಿಹೋಯಿತು ಅಣ್ಣ? ನನಗೆ ತಿಳಿಸಲೇ ಇಲ್ಲವಲ್ಲ.