ಕೇಳಿ ಹೇಳು ಅಂದಿರಿ, ಮಾಮಾ

ಮಾಮಾ, ಶರಣ್ರಿ.

ನಿಮ್ಮ ಅಕ್ಕನ ಮಗ ಮಲ್ಲು ಬರೀತಿದ್ದೇನೆ. ನೀವಿದ್ದಾಗ ನಿಮಗೆ ಒಂದು ಚೀಟಿ ಕೂಡ ಬರೆದವನಲ್ಲ. ದಿನಾ ಎದುರುಬದುರು ಕೂತು ಪಾನಾ ಹಿಡಿದು ನಟ್ಟು ತಿರುವುವವರಿಗೆ ಕಾಗದ ಯಾಕೆ ಬೇಕಿತ್ತು? ನೀವು ಹೋಗಿ ನಾಲ್ಕು ವರ್ಷವಾಯಿತು. ಹೇಳಬೇಕಾದ ಮಾತು ಮಾತ್ರ ಅದಕ್ಕಿಂತ ಹಳೆಯದು. ಆಗ ಧೈರ್ಯ ಇರಲಿಲ್ಲ, ಈಗ ಧೈರ್ಯ ಬಂದಿದೆ, ನೀವಿಲ್ಲ.

ಹುಮನಾಬಾದಿನ ಬಸ್ಸಿಳಿದು ಲಿಂಗಂಪಲ್ಲಿಯ ನಿಮ್ಮ ಗ್ಯಾರೇಜಿಗೆ ಬಂದ ಮೊದಲ ದಿನ ನಿಮಗೆ ನೆನಪಿದೆಯೇ? ಕೈಯಲ್ಲಿ ಐಟಿಐ ಪಾಸಾದ ಕಾಗದ, ಮೈತುಂಬ ಸೋದರಮಾವನ ಸಲಿಗೆ. ಬಾಗಿಲಲ್ಲಿ ಎರಡು ಆರ್‌ಡಿ 350 ಬೈಕು ನಿಂತಿದ್ದವು, ನೋಡಲಿಕ್ಕೆ ಅವಳಿ-ಜವಳಿ. ನೀವು ತೋರಿಸಿ, "ಇದು ಎಚ್‌ಟಿ, ಅದು ಎಲ್‌ಟಿ" ಅಂದಿರಿ. ನಾನು ಓದಿದ ಜಾಣ ನೋಡಿ, "ಹೈ ಟೆನ್ಶನ್, ಲೋ ಟೆನ್ಶನ್ ಏನ್ರಿ ಮಾಮಾ?" ಅಂದುಬಿಟ್ಟೆ. "ಹುಚ್ಚಪ್ಪಾ, ಕರೆಂಟಿನ ಕಂಬ ಅಲ್ಲಲೇ ಇದು. ಟಾರ್ಕ್! ಎಳಿಯೋ ತಾಕತ್ತು! ಒಂದಕ್ಕ ಭಾಳ, ಒಂದಕ್ಕ ಕಡಿಮಿ" ಅಂದು ನನ್ನನ್ನು ಹಿಂದೆ ಕೂರಿಸಿಕೊಂಡು ಪಟಾನ್‌ಚೆರು ರಸ್ತೆಗೆ ಹೊರಟಿರಿ. ಎಚ್‌ಟಿಯ ಮೇಲೆ ಮೂರನೇ ಗೇರಿನಲ್ಲಿ ನೀವು ಕೈ ತಿರುವಿದಾಗ ನನ್ನ ಹೊಟ್ಟೆ ಹಿಂದಿನ ಸ್ಟಾಪಿನಲ್ಲೇ ಉಳಿಯಿತು. ಎಲ್‌ಟಿಯೂ ಓಡಿತು, ಆದರೆ ಉಂಡು ಎದ್ದವರು ನಡೆದ ಹಾಗೆ. "ಮಂದಿ ಪೆಟ್ರೋಲ್ ಕುಡೀತೈತಿ ಅಂತ ಅತ್ತರು. ಅದಕ್ಕ ಆಮ್ಯಾಲೆ ಬಂದ ಗಾಡೀಗೆ ಬಾಯಿ ಕಟ್ಟಿದರು" ಅಂದಿರಿ. ಜಪಾನಿನಲ್ಲಿ ಮಾಡಿದ್ದಕ್ಕೆ ಮುಂದೆ ಡಿಸ್ಕ್ ಬ್ರೇಕು, ಇಲ್ಲಿ ಮಾಡಿದ್ದಕ್ಕೆ ಡ್ರಮ್ಮು. "ಓಡಾಕ ಜಪಾನ, ನಿಲ್ಲಾಕ ದೇವರು" ಅನ್ನೋದು ನಿಮ್ಮ ಮಾತೇ. ಇವತ್ತಿಗೂ ಗಿರಾಕಿಗಳು ಅದನ್ನು ಹೇಳಿ ನಗುತ್ತಾರೆ.

ಭಾನುವಾರದ ಬೆಳಿಗ್ಗೆಗಳು ನೆನಪಾಗುತ್ತವೆ. ಹಳೇ ಗಾಡಿಗಳ ಹುಚ್ಚರೆಲ್ಲ ಬಂದು ಸೇರುತ್ತಿದ್ದರು. ಯಾರದೋ ಆರ್‌ಎಕ್ಸ್ 100 ಬರುತ್ತಿತ್ತು. ಒಳಗಿನ ಸಾಮಾನು ಜಪಾನಿನ ಮುದ್ರೆ ಇರುವ ಮೊದಲ ಕಾಲದ್ದೋ, ಇಲ್ಲೇ ತಯಾರಾದ ಆಮೇಲಿನದೋ? ನೀವು ಚಹಾ ತರಿಸಿ, ಗಾಡಿಯವನ ಜೊತೆ ಊರ ಹರಟೆ ಹೊಡೆದು, ಕಡೆಗೆ ಕಿಕ್ ಹೊಡೆಸಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸುತ್ತಿದ್ದಿರಿ. "ಕ್ರ್ಯಾಂಕ್ ಜಪಾನದ್ದು. ಬೋರ್ ನಮ್ಮದು." ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ನನಗೆ ಪಾಠ ಮಾಡಿದ್ದೂ ಒಂದೇ: "ಮಲ್ಲ್ಯಾ, ಕೇಳಿ ಹೇಳು. ಕೇಳಲಾರ್ದ ಹೇಳಬ್ಯಾಡ." ನಾನು ಅವತ್ತಿನಿಂದ ಎಂಜಿನ್ನಿಗೆ ಕಿವಿ ಕೊಟ್ಟು ಕೂತೆ. ಸೈಲೆನ್ಸರ್ ಬಿಚ್ಚಿದ ಗಾಡಿಗಳ ಬಾಯಿಗೆ ವರ್ಷಗಟ್ಟಲೆ ಬಲಗಿವಿ ಕೊಟ್ಟೆ. ಕೊಟ್ಟದ್ದು ಹಿಂದಿರುಗಿ ಬರಲಿಲ್ಲ, ಮಾಮಾ.

ನಿಮ್ಮ ಕಣ್ಣೆದುರೇ ಆದದ್ದು, ನಿಮಗೆ ಗೊತ್ತಾಗಲಿಲ್ಲ. ಮೊದಲು ಹಕ್ಕಿ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಆ ಬದಿಯಿಂದ ಕರೆದ ನನ್ನ ಹೆಸರು. ಬಲಗಿವಿಯಲ್ಲಿ ಬರೀ ಗುಂಯ್ ಅಂತಿತ್ತು. ಎಡಗಿವಿಯಲ್ಲಿ ದಪ್ಪ ಸದ್ದು ಮಾತ್ರ. ನಿಮ್ಮ ಮಗಳು ಶಾಂತಾ ನನ್ನನ್ನು ಎರಡೆರಡು ಸಲ ಕರೆಯುವುದನ್ನು ರೂಢಿ ಮಾಡಿಕೊಂಡಳು. ಹೆಂಡತಿ ಮಾತು ಯಾವ ಗಂಡನಿಗೆ ಒಂದೇ ಸಲಕ್ಕೆ ಕೇಳಿಸಿದೆ ಅಂತ ಅವಳು ಸುಮ್ಮನಾದಳು, ನಾನೂ ಸುಮ್ಮನಾದೆ. ನೀವು ಹೋದಮೇಲೆ ಭಾನುವಾರದವರು ಸೇರಿ ಗ್ಯಾರೇಜಿಗೊಂದು ಹೊಸ ಬೋರ್ಡು ಬರೆಸಿಕೊಟ್ಟರು. ಅದರ ಮೇಲೆ ಏನು ಚಿತ್ರ ಗೊತ್ತೇ? ದೊಡ್ಡದೊಂದು ಕಿವಿ! "ಉಸ್ತಾದರ ಕಿವಿ ಈಗ ಮಲ್ಲು ಭಾಯಿಗೆ ಬಂತು" ಅಂತ ಹಾರ ಹಾಕಿದರು. ನಾನು ಆ ಕಿವಿಯ ಕೆಳಗೆ ನಿಮ್ಮ ಸ್ಟೂಲಿನ ಮೇಲೆ ಕೂತೆ. ಕಣ್ಣು ಮುಚ್ಚುತ್ತಿದ್ದೆ, ತಲೆ ವಾಲಿಸುತ್ತಿದ್ದೆ, ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಹತ್ತರಲ್ಲಿ ಐದು ಸರಿ ಬಂದರೆ ಜನ ಆ ಐದನ್ನೇ ಊರೆಲ್ಲ ಹೇಳಿಕೊಂಡು ಬರುತ್ತಾರೆ, ಏನು ಮಾಡಲಿ? ಸ್ಟೂಲಿನಿಂದ ಇಳಿದರೆ ನಿಮ್ಮ ಹೆಸರು ಬೀಳುತ್ತದೆ, ಕೂತರೆ ನನ್ನ ಬಾಯಿಂದ ಸುಳ್ಳು ಬೀಳುತ್ತದೆ. ಭಾನುವಾರ ಬಂತೆಂದರೆ ನನಗೆ ಜ್ವರ ಬಂದಂತಾಗುತ್ತಿತ್ತು.

ಉಪ್ಪಲ್‌ನಿಂದ ಸುಲೋಚನಮ್ಮ ಬಂದದ್ದು ಹೋದ ವರ್ಷ. ತೀರಿಕೊಂಡ ಗಂಡನ ಆರ್‌ಡಿಯನ್ನು ಟ್ರಾಲಿ ಆಟೋದಲ್ಲಿ ಹೇರಿಕೊಂಡು, ಅಷ್ಟು ದೂರದಿಂದ, ನಿಮ್ಮ ಹೆಸರು ಕೇಳಿ ಬಂದಿದ್ದರು. ಸಿಲಿಂಡರ್ ಸವೆದಿತ್ತು, ಆದರೂ ಗಾಡಿ ಚಾಲೂ ಆಯಿತು. ರಿಪೇರಿಗಿಂತ ಅವರಿಗೆ ಒಂದು ಮಾತು ಬೇಕಿತ್ತು. ಗಂಡನನ್ನು 'ಆಯನ' ಅನ್ನುತ್ತಾ ತೆಲುಗಿನಲ್ಲಿ ಹೇಳಿದರು: "ಆಯನ ಜೀವ ಇರೋತನಕ ನನ್ನದು ಎಚ್‌ಟಿ, ಎಚ್‌ಟಿ ಅಂತಿದ್ದರು. ಗೆಳೆಯರೆಲ್ಲ ಸುಳ್ಳು ಅಂತ ಆಡಿಕೊಳ್ಳುತ್ತಿದ್ದರು. ನಿಜ ಯಾವುದು ಹೇಳಿ ಮಲ್ಲು ಗಾರು." ಎಂಜಿನ್ನಿನ ಕೇಸಿಂಗ್ ಎಂದೋ ಒಡೆದು ಬದಲಾಗಿತ್ತು, ಅದರ ನಂಬರಿನಿಂದ ಏನೂ ತಿಳಿಯುವಂತಿರಲಿಲ್ಲ. ಸೈಲೆನ್ಸರೂ ಹೊಸವು. ನಾನು ಕಣ್ಣು ಮುಚ್ಚಿದೆ. ಗುಂಯ್. "ಎಲ್‌ಟಿ ಅಮ್ಮಾ" ಅಂದೆ. ಅವರು ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು, "ನಿಜಂಗಾ? ಹಾಗಾದರೆ ನನಗೂ ಸುಳ್ಳೇ ಹೇಳಿದರು" ಅಂದು ನಕ್ಕರು. ಹೇಗೂ ಎಲ್‌ಟಿ ತಾನೇ ಅಂತ ಸವೆದ ಸಿಲಿಂಡರುಗಳನ್ನು ಬಿಚ್ಚಿ ಮೂಲೆಗೆ ಹಾಕಿ, ನಮ್ಮಲ್ಲಿದ್ದ ಬೇರೆ ಜೋಡಿ ಕೂರಿಸಿ ಕಳಿಸಿದೆ.

ಆ ಜೋಡಿಯನ್ನು ಗುಜರಿಗೆ ಹಾಕಲೆಂದು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ, ಮೂರು ತಿಂಗಳ ಮೇಲೆ. ಹೊಗೆ ಹೋಗುವ ಕಿಂಡಿ ಯಾಕೋ ಎಲ್‌ಟಿಯದಕ್ಕಿಂತ ಎತ್ತರದಲ್ಲಿದೆ ಅನ್ನಿಸಿತು. ನೀವು ಅರದಿಂದ ತಿಕ್ಕಿ ಗುರುತು ಹಾಕಿದ ಸೈಕಲ್ ಕಡ್ಡಿ ಗೋಡೆಗೆ ನೇತಾಡುತ್ತಿತ್ತಲ್ಲ, ಸಿಲಿಂಡರಿನ ಮೇಲಂಚಿನಿಂದ ಕಿಂಡಿಯ ತನಕ ಅಳೆಯುವುದು, ಅದನ್ನು ತಂದು ಇಟ್ಟೆ. ಎಚ್‌ಟಿ. ಎರಡನೆಯದಕ್ಕೂ ಇಟ್ಟೆ. ಅದೂ ಎಚ್‌ಟಿ. ಬಿಚ್ಚಿದ ದಿನವೇ ಅಳೆಯಬಹುದಿತ್ತು. ಆದರೆ ಬಾಯಿಂದ ತೀರ್ಪು ಬಿದ್ದಮೇಲೆ ಅಳೆಯುವುದು ಯಾರಿಗೆ ನೆನಪಾಗುತ್ತದೆ? ಸತ್ತವನೊಬ್ಬನನ್ನು ಅವನ ಹೆಂಡತಿ ಎದುರು ಸುಳ್ಳುಗಾರ ಮಾಡಿದ್ದೆ. ಅವನಂತೂ ಎದ್ದು ಬಂದು ಜಗಳ ಆಡುವವನಲ್ಲ. ಸಿಲಿಂಡರುಗಳನ್ನು ಗೋಣಿಚೀಲದಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದೆ. ಒಂದು ತಿಂಗಳು ಆ ಬೆಂಚಿನ ಕಡೆ ಹೋಗಲಿಲ್ಲ.

ಖಾಜಾ ಭಾಯಿ ಒಂದು ಮಧ್ಯಾಹ್ನ ನನ್ನ ಮುಖ ನೋಡಿ, "ಕ್ಯಾ ಹುವಾ ಮಿಯಾ?" ಅಂತ ಹತ್ತಿರ ಬಂದರು. ಅದೇ, ಪಕ್ಕದ ಅಂಗಡಿಯಲ್ಲಿ ಸೀಟು ಹೊಲಿಯುವ ನಿಮ್ಮ ದೋಸ್ತು. ಅವರಿಗೆ ಎಲ್ಲ ಹೇಳಿಬಿಟ್ಟೆ. ಹೇಳಿ, "ಮಾಮಾ ಒಂದೇ ಮಾತು ಕಲಿಸಿದ್ದರು, ಕೇಳಿ ಹೇಳು ಅಂತ. ನನಗೆ ಅದೇ ಆಗಲಿಲ್ಲ" ಅಂದೆ. ಅವರು ಸೂಜಿ ಹಿಡಿದ ಕೈ ನಿಲ್ಲಿಸಿದರು. "ಅರೆ, ಹಮಾರೆಕು ಭೀ ವಹೀಚ್ ಬೋಲ್ತೆ ಥೆ ಉಸ್ತಾದ್. ಪೂಛ್‌ಕೊ ಬೋಲೊ, ಪೂಛ್‌ಕೊ ಬೋಲೊ." ಪೂಛ್‌ಕೊ! ಅಂದರೆ ವಿಚಾರಿಸಿ ಹೇಳು! ಅವರಿಗೂ ನೀವು ಇದನ್ನೇ ಹೇಳುತ್ತಿದ್ದಿರಂತೆ. ಮಾಮಾ, ನೀವು ಅಂದ ಕೇಳು, ಕಿವಿಯಿಂದ ಕೇಳುವುದಲ್ಲವೇ? ಬಾಯಿಂದ ಕೇಳುವುದೇ? "ಕಾನ್ ತೋ ಉನ್ಕೆ ಭೀ ಕಮ್‌ಜೋರ್ ಥೆ" ಅಂದು ಖಾಜಾ ಭಾಯಿ ನಕ್ಕರು. ನಿಮ್ಮ ಕಿವಿಯೂ ಮಂದವಂತೆ! ಆ ಚಹಾ, ಆ ಊರ ಹರಟೆ... ಗಾಡಿ ಯಾವಾಗ ಕೊಂಡಿರಿ, ಯಾರ ಕೈಯಲ್ಲಿ ಬಿಚ್ಚಿಸಿದಿರಿ, ಏನೇನು ಬದಲಾಯಿಸಿದಿರಿ. ತಿಳಿಯಬೇಕಾದದ್ದು ಆ ಹರಟೆಯಲ್ಲೇ ನಿಮಗೆ ತಿಳಿದಿರುತ್ತಿತ್ತು. ಕಣ್ಣು ಮುಚ್ಚುವುದು ಬರೀ ಗಮ್ಮತ್ತಿಗೆ. ಒಂದು ಕನ್ನಡ ಮಾತು ತಪ್ಪು ತಿಳಿದು ಎರಡು ಕಿವಿ ಕಳಕೊಂಡೆನಲ್ಲ ಅಂತ ಅವತ್ತು ನಿಮ್ಮ ಮೇಲೆ ಭಾಳ ಸಿಟ್ಟು ಬಂತು. ಇನ್ನೊಂದು ಸಲ ಬಿಡಿಸಿ ಹೇಳಲಿಕ್ಕೆ ನಿಮಗೇನಾಗಿತ್ತು?

ಉಪ್ಪಲ್‌ಗೆ ಗೋಣಿಚೀಲ ಹೊತ್ತುಕೊಂಡು ಹೋದೆ. ಸುಲೋಚನಮ್ಮ ನೀರು ಕೊಟ್ಟರು. ಸಿಲಿಂಡರ್ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ, ನನಗೆ ಕಿವಿ ಕೇಳಿಸುವುದಿಲ್ಲ ಅಂತಲೂ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. "ಈ ಗಾಡಿ ಮಾರಾಟಕ್ಕೆ ಬಂದ ಮೊದಲ ವರ್ಷವೇ ಆಯನ ಕೊಂಡಿದ್ದರು. ಕಾಗದ ಟ್ರಂಕಿನಲ್ಲಿದೆ. ಕೇಸಿಂಗ್ ಒಡೆದದ್ದು ಆಮೇಲೆ. ನೀವು ಅವತ್ತು ಒಂದು ಮಾತು ಕೇಳಲಿಲ್ಲವಲ್ಲ" ಅಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ವರ್ಷದ ತಿಥಿಗೆ ಗೆಳೆಯರೆಲ್ಲ ಬಂದಿದ್ದರು. ಮೆಕ್ಯಾನಿಕ್ ಹೇಳಿದ ಅಂತ ಅವರಿಗೆ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಯನ ಫೋಟೋ ಎದುರಿಗೇ" ಅಂದರು. ಸಿಲಿಂಡರುಗಳ ಸವೆದ ಒಳಮೈಗೆ ಹೊಸ ಸ್ಲೀವ್ ಹಾಕಿಸಿ ವಾಪಸ್ ಕೂರಿಸಿಕೊಡುತ್ತೇನೆ ಅಂದೆ. "ಅದು ಹೇಗೂ ಮಾಡುತ್ತೀರಿ. ಆ ಗೆಳೆಯರು ಭಾನುವಾರ ನಿಮ್ಮಲ್ಲಿಗೇ ಬರುತ್ತಾರೆ. ಅವರ ಮುಂದೆ ಹೇಳಿ."

ಭಾನುವಾರ ಹೇಳಿದೆ, ಮಾಮಾ. ಇಪ್ಪತ್ತು ಗಾಡಿ ನಿಂತಿದ್ದವು. ಚಾವಿ ತೆಗೆಸಿ, ಎಲ್ಲ ಎಂಜಿನ್ ಬಂದ್ ಮಾಡಿಸಿ, ಸುಲೋಚನಮ್ಮನ ಗಂಡನ ಗಾಡಿ ಎಚ್‌ಟಿ, ತಪ್ಪು ಹೇಳಿದವನು ನಾನು, ನನಗೆ ಕಿವಿ ಕೇಳಿಸೋದಿಲ್ಲ ಅಂದೆ. ಒಬ್ಬ ತಮಾಷೆ ಅಂದುಕೊಂಡು ಬೆನ್ನ ಹಿಂದೆ ನಿಂತು ನನ್ನ ಹೆಸರು ಕೂಗಿದನಂತೆ. ನಾನು ತಿರುಗಲಿಲ್ಲವಂತೆ. ಆಮೇಲೆ ಯಾರೂ ನಗಲಿಲ್ಲ. ಇಬ್ಬರು ಗಾಡಿ ತಳ್ಳಿಕೊಂಡು ಹೊರಟೇಹೋದರು, ನಾನು ಅವರಿಗೆ ಹಿಂದೆ ಹೇಳಿದ್ದೆಲ್ಲ ಎಷ್ಟು ಸುಳ್ಳು ಅಂತ ಲೆಕ್ಕ ಹಾಕುತ್ತಾ ಇರಬಹುದು. ನಿಮ್ಮ ಹೆಸರನ್ನೂ ಅಂದರಂತೆ, ಖಾಜಾ ಭಾಯಿ ಹೇಳಿದರು. ತಪ್ಪಾಯಿತು. ಆದರೂ ಅವತ್ತು ನನಗೆ ಚೆನ್ನಾಗಿ ಹಸಿವಾಯಿತು.

ಊಟಕ್ಕೆ ಕೂತಾಗ ಶಾಂತಾ ರೊಟ್ಟಿ ಹಾಕಿದವಳು ಹಾಗೇ ನಿಂತಳು. ಅವಳಿಗೂ ಸುದ್ದಿ ಮುಟ್ಟಿತ್ತು. ನನ್ನ ಎಡಕ್ಕೆ ಬಂದು ಕೂತು ನಿಧಾನವಾಗಿ ಕೇಳಿದಳು: "ದವಾಖಾನ್ಯಾಗ, ಕಡೀ ದಿನ, ಅಪ್ಪ ನಿಮ್ಮನ್ನ ಹತ್ರ ಕರದು ಕಿವ್ಯಾಗ ಏನೋ ಅಂದ್ರಲ್ಲ. ಯಾವ ಕಿವಿರಿ ಅದು?"

ಬಲಗಿವಿ, ಮಾಮಾ.

ನಿಮ್ಮ ತುಟಿ ಅಲುಗಿದ್ದು ಕಂಡೆ, ಉಸಿರು ಕೆನ್ನೆಗೆ ತಾಗಿತು, ಅಷ್ಟೇ. ಹೊರಗೆ ಬಂದಾಗ ಎಲ್ಲರೂ ಏನಂದರು ಏನಂದರು ಅಂದರು. ಕೇಳಿಸಲಿಲ್ಲ ಅನ್ನಲಾರದೆ, "ಅಂಗಡಿ ಬಿಡಬ್ಯಾಡ ಅಂದ್ರು" ಅಂದುಬಿಟ್ಟೆ. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ಶಾಂತಾ ಬೇಡಿಕೊಂಡಳು, ಈ ಸದ್ದು ಸಾಕು, ಮುಚ್ಚೋಣ ಅಂತ. ಪ್ರತಿ ಸಲ ನಿಮ್ಮ ಮಾತು ಮುಂದೆ ಮಾಡಿ ಅವಳ ಬಾಯಿ ಮುಚ್ಚಿಸಿದೆ. ಬರಬರುತ್ತಾ ನಾನೇ ಅದನ್ನು ನಂಬಿದೆ. ನಿಜ ಹೇಳಿದಾಗ ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ಅಂಗಡಿ ಬಿಡು ಅಂದಿದ್ರೂ ಅಂದಿರಬಹುದಲ್ರಿ" ಅಂದಳು. ಇದು ಎಡಗಿವಿಗೆ ಸರಿಯಾಗಿ ಕೇಳಿಸಿತು.

ಇವತ್ತು ಬೆಳಿಗ್ಗೆ ಶಟರ್ ಹಿಡಿದು ನಿಂತಿದ್ದೆ. ಎತ್ತಿದರೆ ನಿಮ್ಮ ಮಾತು ಮೀರಿದ ಹಾಗೋ, ಎತ್ತದಿದ್ದರೆ ಮೀರಿದ ಹಾಗೋ, ಹೇಗೆ ತಿಳಿಯಲಿ? ಅವತ್ತು ನಾನು ತಲೆಯಾಡಿಸಿ "ಹೂಂನ್ರಿ ಮಾಮಾ" ಅಂದೆ, ನೀವು ಕಣ್ಣು ಮುಚ್ಚಿದಿರಿ. ಅದು ನಿಮ್ಮ ಮಾತಿಗೆ ಅಂದ ಹೂಂ ಅಲ್ಲ, ಮಾಮಾ. ನೀವು ನೆಮ್ಮದಿಯಿಂದ ಮಲಗಲಿ ಅಂತ ಅಂದದ್ದು.

ನಿಮ್ಮ ಮಲ್ಲು