ಸೊಳ್ಳೆ ಪರದೆ ಕಟ್ಟಿದ ಕುಡಿಕೆ

ಮತ್ತೋಡು
ಅಕ್ಟೋಬರ್ ೧೨, ೨೦೨೫, ಭಾನುವಾರ

ಅವ್ವನಿಗೆ ನಿನ್ನ ರಂಜಿತಾಳ ನಮಸ್ಕಾರ.

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ಹಿರಿಯೂರಿನ ಮಾವನ ಮನೆಯವರೆಲ್ಲ ಸ್ಪೀಕರ್ ಹಾಕಿಕೊಂಡು ಕೇಳುತ್ತಾರೆ, ನೀನು ಹೂಂ ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದವನ್ನು ನೀನೊಬ್ಬಳೇ ನಿಧಾನಕ್ಕೆ ಓದಿಕೊಳ್ಳಬಹುದು.

ಎತ್ತಪ್ಪ ದೊಡ್ಡಪ್ಪನ ಟಗರು ಬದುಕಿದೆ. ತಂತಿಬೇಲಿ ಗೀರಿ ಬೆನ್ನಿಗಾದ ಗಾಯ ಒಣಗುತ್ತಿದೆ. ನೀನು ಅದನ್ನು ನೋಡಿ "ಎಷ್ಟು ಚಂದ ಬೆಳದೈತೆ" ಅಂದದ್ದು, ಆಮೇಲೆ ಅದಕ್ಕೆ ಗಾಯವಾಗಿ ಹುಳ ಬಿದ್ದದ್ದು, ದೊಡ್ಡಪ್ಪ ಹಟ್ಟಿಯವರೆಲ್ಲರ ಮುಂದೆ ನಿನ್ನ ಹೆಸರು ಹಿಡಿದು "ಹುಚ್ಚಕ್ಕಾ, ಗಂಡ ಸತ್ತೋಳ ಕಣ್ಣು ತಾಕೈತೆ, ಇನ್ನು ಕುರಿ ರೊಪ್ಪದಾಗೆ ಕಾಲಿಡಬ್ಯಾಡ" ಅಂದದ್ದು, ಯಾವುದನ್ನೂ ನಾನು ಮರೆತಿಲ್ಲ. ಅವನ ಮೇಲಿನ ಸಿಟ್ಟು ಒಂದು ಪಾಲಾದರೆ ನಿನ್ನ ಮೇಲಿನದು ಎರಡು ಪಾಲು. ನೀನು ಜಗಳವಾಡಲಿಲ್ಲ. ಅವನ ಮಾತನ್ನು ನಂಬಿ ಚೀಲ ತುಂಬಿಕೊಂಡು ಹಿರಿಯೂರಿಗೆ ಹೋದೆ. ಅಲ್ಲಿಯೂ ಮಾವನ ಮೊಮ್ಮಗುವನ್ನು ಎತ್ತಿಕೊಂಡಾಗ ನಿನ್ನ ಕಣ್ಣು ತಾಕೀತೆಂದು ಮುಖ ಆಚೆ ತಿರುಗಿಸುತ್ತೀಯಂತೆ, ಮಾವನ ಸೊಸೆ ಪ್ರೀತಿ ಅತ್ತಿಗೆ ಹೇಳಿದಳು. ಕೇಳಿ ನನಗೆ ಅಳು ಬಂತು.

ಈಗ ನನ್ನ ಸ್ಕೂಲಿನ ಸುದ್ದಿ. ಒಂಬತ್ತನೇ ತರಗತಿಗೆ ವಿಜ್ಞಾನ ಹೇಗೆ ಬೆಳೆಯಿತು ಎಂದು ಪಾಠ ಮಾಡುತ್ತಿದ್ದೆ. ಮುನ್ನೂರೈವತ್ತು ವರ್ಷದ ಹಿಂದೆ, ಕೊಳೆತ ಮಾಂಸದಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ದೊಡ್ಡ ಪಂಡಿತರೂ ನಂಬಿದ್ದರು. ಇಟಲಿಯ ರೆಡಿ ಎಂಬ ವೈದ್ಯ ಪಂಡಿತರನ್ನು ಕೇಳುವುದು ಬಿಟ್ಟು ಮಾಂಸವನ್ನೇ ಕೇಳಿದ. ಕೆಲವು ಪಾತ್ರೆಗಳ ಬಾಯಿ ಮುಚ್ಚಿದ, ಕೆಲವನ್ನು ತೆರೆದಿಟ್ಟ. ನೊಣ ಕೂತದ್ದರಲ್ಲಿ ಮಾತ್ರ ಹುಳ ಬಿತ್ತು. ಪಾಠ ಮಾಡುತ್ತಿದ್ದರೂ ನನ್ನ ತಲೆಯಲ್ಲಿ ನಮ್ಮ ಟಗರೇ ಓಡಾಡುತ್ತಿತ್ತು.

ಮನೆಗೆ ಬಂದು ಎರಡು ಕುಡಿಕೆಯಲ್ಲಿ ಕುರಿಮಾಂಸ ಇಟ್ಟು ಒಂದಕ್ಕೆ ದಪ್ಪ ಟವೆಲ್ ಕಟ್ಟಿದೆ. ತೆರೆದದ್ದರಲ್ಲಿ ಹುಳ ಬಿತ್ತು, ಮುಚ್ಚಿದ್ದು ನಾರಿತೇ ಹೊರತು ಹುಳ ಬೀಳಲಿಲ್ಲ. ದೊಡ್ಡಪ್ಪನಿಗೆ ತೋರಿಸಿದರೆ, "ಬಟ್ಟೆ ಕಟ್ಟಿದ್ಮೇಲೆ ಕಣ್ಣು ಹೆಂಗ್ ತಾಕ್ತೈತವ್ವ?" ಅಂದ. ಮೈಯೆಲ್ಲ ಉರಿಯಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಮುಚ್ಚಿದ ಪಾತ್ರೆಗೆ ಗಾಳಿ ಹೋಗಲಿಲ್ಲ, ಅದಕ್ಕೇ ಹುಳ ಹುಟ್ಟಲಿಲ್ಲ ಎಂದಾರು ಎಂದು ಆ ರೆಡಿಯೂ ತೆಳ್ಳನೆಯ ಬಲೆ ಕಟ್ಟಿ ಮತ್ತೊಮ್ಮೆ ನೋಡಿದ್ದ. ಕಣ್ಣಿಗೆ ಮಾಂಸ ಕಾಣಬೇಕು, ನೊಣ ಮಾತ್ರ ಒಳಗೆ ಹೋಗಬಾರದು ಎಂದು ನಾನು ಸೊಳ್ಳೆ ಪರದೆ ಕತ್ತರಿಸಿದೆ.

ತಮ್ಮ ಶಿವು ನಿನ್ನನ್ನೇ ಕರೆಸಿ ನೋಡಿಸೋಣ ಅಂದ. ನಾನು ಒಪ್ಪಲಿಲ್ಲ. ಕಟಕಟೆಯಲ್ಲಿ ನಿಲ್ಲುವಂಥ ತಪ್ಪನ್ನು ನಮ್ಮವ್ವ ಮಾಡಿಲ್ಲ.

ಕೆಟ್ಟ ಕಣ್ಣಿಗೆ ಹಟ್ಟಿಯಲ್ಲಿ ನಿನಗಿಂತ ಮೊದಲೇ ಹೆಸರಾದವಳು ಚಂದ್ರಕ್ಕ. ಪರದೆ ಕಟ್ಟಿದ ಕುಡಿಕೆಯನ್ನು ಅವಳ ಮುಂದಿಟ್ಟೆ. "ಕುಂತ್ಕಂಡು ಕಣ್ತುಂಬ ನೋಡ್ತೀನಿ ಬಿಡವ್ವ" ಎಂದು ಎಲೆಅಡಿಕೆ ಮೆಲ್ಲುತ್ತ ದಿನಾ ನೋಡಿದಳು. ತೆರೆದ ಕುಡಿಕೆ ಹಿತ್ತಿಲಲ್ಲಿತ್ತು. ಅದನ್ನು ದೊಡ್ಡಪ್ಪನೊಬ್ಬನೇ ನೋಡಬೇಕೆಂದು ಮಾತಾಗಿತ್ತು. ಬಿತ್ತನೆಗಿರಲಿ, ಮದುವೆಗಿರಲಿ, ಒಳ್ಳೆಯ ಕಣ್ಣೆಂದು ಎಲ್ಲರೂ ಮುಂದೆ ನಿಲ್ಲಿಸಿಕೊಳ್ಳುವುದು ಅವನನ್ನೇ ತಾನೆ? ಚಂದ್ರಕ್ಕನ ಮಾಂಸದಲ್ಲಿ ಒಂದು ಹುಳವೂ ಇಲ್ಲ, ನೊಣಗಳು ಪರದೆಯ ಮೇಲೆಯೇ ಮೊಟ್ಟೆ ಇಟ್ಟಿದ್ದವು. ದೊಡ್ಡಪ್ಪನ ಮಾಂಸದಲ್ಲಿ ಹುಳ ಬುಳುಬುಳು ಹರಿದಾಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಕಣವ್ವ, ನೊಣ ಮಾಡಿದ್ದಕ್ಕೆ ನಿನ್ನನ್ನು ಓಡಿಸಿದರು.

ದೊಡ್ಡಪ್ಪ ಎರಡೂ ಕುಡಿಕೆ ನೋಡಿ ಎದ್ದುಹೋದ. ಅಂದಿನಿಂದ ಶಿವು ಟಗರಿನ ಗಾಯ ತೊಳೆದು ಔಷಧಿ ಹಚ್ಚಿ, ನೊಣ ಕೂರದಂತೆ ಬಟ್ಟೆ ಕಟ್ಟುತ್ತಿದ್ದಾನೆ.

ನಿನ್ನ ಕಣ್ಣಲ್ಲಿ ಯಾವ ಕೆಡುಕೂ ಇಲ್ಲ. ಮನೆಗೆ ಬಾ. ನೀನಿಲ್ಲದೆ ನನಗೆ ಇಲ್ಲಿ ಊಟ ಸೇರುತ್ತಿಲ್ಲ.

ನಿನ್ನ ದಾರಿ ನೋಡುತ್ತಿರುವ ಮಗಳು,
ರಂಜಿತಾ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ದೊಡ್ಡಪ್ಪ ನಾಚಿಕೆಯಿಂದ ಎದ್ದುಹೋದ ಅಂದುಕೊಂಡಿದ್ದೆ, ಅಲ್ಲ. ತಾನು ನೋಡಿದ್ದಕ್ಕೇ ಹುಳ ಬಿತ್ತು ಎಂದು ತಿಳಿದುಕೊಂಡಿದ್ದಾನೆ! ಈಗ ರೊಪ್ಪಕ್ಕೆ ಹೋಗುವಾಗ ಕಂಬಳಿಯನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಾನೆ, ಮರಿಗಳತ್ತ ತಿರುಗಿಯೂ ನೋಡುವುದಿಲ್ಲ. ನಿನ್ನೆ ಗೋಡೆಯ ಕಡೆ ಮುಖ ಮಾಡಿ, "ನನ್ ಕಣ್ಣೂ ಕೆಟ್ಟೋಯ್ತೇನವ್ವ? ಹುಚ್ಚಕ್ಕ ಇದನ್ನ ಹೆಂಗ್ ತಡಕಂಡ್ಳು?" ಅಂದ. ನೊಣದ ಪಾಠ ಎಷ್ಟು ಹೇಳಿದರೂ ಅವನ ತಲೆಗೆ ಹತ್ತುತ್ತಿಲ್ಲ. ನೀನು ಹೇಳಿದರೆ ನಂಬುತ್ತಾನೆ. ಅದಕ್ಕೆ ಮೊದಲು ನೀನು ನಂಬಬೇಕು. ಬಾರವ್ವ, ಅವನ ಮುಖ ನೋಡಿ ಹೇಳು.